ಹೊಟ್ಟೆ ತುಂಬಿದ ಬೆಕ್ಕು ಹಕ್ಕಿ ಹಿಡಿಯುವುದೇಕೆ?

ಪ್ರಶ್ನೆ: ನಮ್ಮದು ನೆಲಮಹಡಿಯ ಮನೆ. ಮುಂದೆ ಒಂದಿಷ್ಟು ಗಿಡ, ಗೋಡೆಗೆ ಹಬ್ಬಿದ ಒಂದು ಬಳ್ಳಿ. ಮೂರು ವರ್ಷದ ಗಂಡು ಬೆಕ್ಕು ಇದೆ, ಹೆಸರು ಚಿನ್ನು. ಸಂತಾನಹರಣ ಚಿಕಿತ್ಸೆ ಆಗಿದೆ. ಎರಡು ಹೊತ್ತೂ ಹೊಟ್ಟೆ ತುಂಬ ಹಾಕುತ್ತೇವೆ. ಆದರೂ ತಿಂಗಳಿಗೆ ಒಂದೋ ಎರಡೋ ಸಲ ಬೆಳಗ್ಗೆ ಹಕ್ಕಿ ಕಚ್ಚಿಕೊಂಡು ಬರುತ್ತಾನೆ. ಕೊರಳಿಗೆ ಗೆಜ್ಜೆ ಕಟ್ಟಿ ನೋಡಿದೆ, ಉಪಯೋಗ ಆಗಲಿಲ್ಲ. ಹೋದ ತಿಂಗಳು ಬಳ್ಳಿಯಲ್ಲಿದ್ದ ಪಿಕಳಾರದ ಗೂಡಿನಿಂದ ಇಳಿದ ಮರಿಯೊಂದನ್ನು ಹಿಡಿದ. ಬಾಯಿಂದ ಬಿಡಿಸಿದೆ. ಗಾಯ ಕಾಣಲಿಲ್ಲ, ಚೆನ್ನಾಗೇ ಇತ್ತು. ಮರುದಿನ ಬೆಳಗ್ಗೆ ನೋಡಿದರೆ ಸತ್ತಿತ್ತು. ಮಗಳು ಎರಡು ದಿನ ಬೆಕ್ಕನ್ನು ಮುಟ್ಟಲೇ ಇಲ್ಲ. ಮಹಡಿ ಮನೆಯವರು ‘ಕಟ್ಟಿಹಾಕಿ, ಇಲ್ಲಾ ಎಲ್ಲಾದರೂ ಬಿಟ್ಟು ಬನ್ನಿ’ ಅಂತಾರೆ. ಅತ್ತೆ ‘ಬೆಕ್ಕು ಅಂದಮೇಲೆ ಬೇಟೆ ಆಡದೆ ಇರುತ್ತಾ? ಇಲಿ ಕಾಟ ಇಲ್ಲದಿರುವುದು ಅದರಿಂದಲೇ’ ಅಂತಾರೆ. ಒಂದು ಬೆಕ್ಕಿನಿಂದ ಅಷ್ಟು ಹಾನಿ ಆಗುತ್ತದಾ? ಹೊರಗೆ ಓಡಾಡಿ ರೂಢಿಯಾದವನನ್ನು ಒಳಗೆ ಕೂಡಿಹಾಕುವುದು ಹಿಂಸೆ ಅಲ್ವಾ? ಈಗ ಅದೇ ಬಳ್ಳಿಯಲ್ಲಿ ಪಿಕಳಾರ ಮತ್ತೆ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಮರಿಯ ವಿಷಯ ಮಾತಾಡೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ.

ನಾನು ಪಶುವೈದ್ಯ. ನನ್ನ ಮೇಜಿನ ಮೇಲೆ ಬೆಕ್ಕುಗಳೂ ಬರುತ್ತವೆ, ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಗಳೂ ಬರುತ್ತವೆ. ಹಕ್ಕಿ ತಂದವರಲ್ಲಿ ಹೆಚ್ಚಿನವರು ನೀವು ಬರೆದ ಮಾತನ್ನೇ ಹೇಳುತ್ತಾರೆ: ‘ಏನೂ ಆಗಿಲ್ಲ ಸಾರ್, ಬರೀ ಹೆದರಿದೆ ಅಷ್ಟೇ.’ ಆಗ ನಾನು ಒಂದು ತುಂಡು ಹತ್ತಿಯನ್ನು ಒದ್ದೆ ಮಾಡಿ ರೆಕ್ಕೆಯ ಕೆಳಗಿನ ಪುಕ್ಕಗಳನ್ನು ಮೆಲ್ಲಗೆ ಬದಿಗೆ ಸರಿಸುತ್ತೇನೆ. ಅಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಇರುತ್ತದೆ. ಸುತ್ತ ಸ್ವಲ್ಪ ನೀಲಿಗಟ್ಟಿದ ಚರ್ಮ. ಅದು ಕೋರೆಹಲ್ಲಿನ ಗುರುತು. ರಕ್ತ ಒಂದು ಹನಿಯೂ ಬಂದಿರುವುದಿಲ್ಲ. ಆದರೆ ಬೆಕ್ಕಿನ ಬಾಯಲ್ಲಿ ಪ್ಯಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತದೆ. ಬೆಕ್ಕಿಗೆ ಅದರಿಂದ ತೊಂದರೆ ಇಲ್ಲ. ಹಕ್ಕಿಯ ಮೈಗೆ ಸೇರಿದರೆ ರಕ್ತಕ್ಕೆ ನಂಜು ಏರುತ್ತದೆ. ಆ್ಯಂಟಿಬಯೋಟಿಕ್ ಸಿಗದಿದ್ದರೆ ಒಂದರಿಂದ ಮೂರು ದಿನದೊಳಗೆ ಹಕ್ಕಿ ಸಾಯುತ್ತದೆ. ನಿಮ್ಮ ಮರಿಗೂ ಬಹುಶಃ ಹೀಗೇ ಆಗಿರಬೇಕು. ನೀವು ಉಪೇಕ್ಷೆ ಮಾಡಲಿಲ್ಲ. ಕಾಣದ ಗಾಯ ನಿಮಗೆ ಗೊತ್ತಾಗುವ ಹಾಗೇ ಇರಲಿಲ್ಲ. ಮಗಳಿಗೂ ಇದನ್ನು ಹೇಳಿ.

ಮುಂದೆ ಎಂದಾದರೂ ಹೀಗಾದರೆ, ಹಕ್ಕಿ ಎಷ್ಟೇ ಚುರುಕಾಗಿ ಕಂಡರೂ ಹಾರಿಬಿಡಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೆಯ ಬಟ್ಟೆ ಹಾಸಿ ಅದರಲ್ಲಿಡಿ. ಮುಚ್ಚಿ, ಬೆಚ್ಚಗಿನ, ಕತ್ತಲಾದ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರಾಗಲಿ ಹಾಲಾಗಲಿ ಹಾಕಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುವ ಹಕ್ಕಿಗಳನ್ನೂ ಕಂಡಿದ್ದೇನೆ. ಅದೇ ದಿನ ಪಶುವೈದ್ಯರಿಗೋ ವನ್ಯಜೀವಿಗಳನ್ನು ರಕ್ಷಿಸುವವರಿಗೋ ಒಪ್ಪಿಸಿ. ‘ಬೆಕ್ಕು ಹಿಡಿದಿತ್ತು’ ಎಂಬ ಮಾತನ್ನು ಮರೆಯದೆ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆಯೇ ಬದಲಾಗುತ್ತದೆ.

ಇನ್ನು ಹೊಟ್ಟೆ ತುಂಬಿದವನು ಬೇಟೆ ಯಾಕೆ ಆಡುತ್ತಾನೆ ಎಂಬ ಪ್ರಶ್ನೆ. ಹಸಿವು ಮತ್ತು ಬೇಟೆ ಒಂದೇ ದಾರದಲ್ಲಿ ಕಟ್ಟಿದ ವಿಷಯಗಳು ಅಂತ ನಾವು ಅಂದುಕೊಂಡಿದ್ದೇವೆ. ಬೆಕ್ಕಿನಲ್ಲಿ ಹಾಗಿಲ್ಲ. ಅದರ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಂಟಿ ಕಾಡುಬೆಕ್ಕು. ಸಿಗುವ ಬೇಟೆ ಚಿಕ್ಕದು, ದಿನಕ್ಕೆ ಹಲವು ಬೇಕು, ಹಾರಿದ ಸಲವೆಲ್ಲ ಸಿಗುವುದೂ ಇಲ್ಲ. ಹಸಿವಾದ ಮೇಲೆ ಹೊರಡೋಣ ಅಂತ ಕೂತರೆ ಉಪವಾಸವೇ ಗತಿ. ಹಾಗಾಗಿ ಏನಾದರೂ ಸರಿದಾಡಿದ್ದು ಕಂಡರೆ ಸಾಕು, ಬೇಟೆಯ ಗುಂಡಿ ಒತ್ತಿದ ಹಾಗೆ ಆಗುತ್ತದೆ. ಎದುರಿಗೆ ಊಟ ಇಟ್ಟು, ಪಕ್ಕದಲ್ಲಿ ಇಲಿ ಬಿಟ್ಟು ನೋಡಿದ ಹಳೆಯ ಪ್ರಯೋಗ ಒಂದಿದೆ. ಬೆಕ್ಕುಗಳು ತಿನ್ನುತ್ತಿದ್ದ ಊಟ ಬಿಟ್ಟು ಎದ್ದು ಹೋಗಿ ಇಲಿಯನ್ನು ಕೊಂದು, ಮತ್ತೆ ಬಂದು ಊಟ ಮುಂದುವರಿಸಿದವು.

ಚಿನ್ನು ಕಿಟಕಿಯಲ್ಲಿ ಕೂತು ಹೊರಗಿನ ಹಕ್ಕಿ ನೋಡುವಾಗ ಒಮ್ಮೆ ಗಮನಿಸಿ. ಕೆಳದವಡೆ ಕಟಕಟ ಅನ್ನುತ್ತದೆ. ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ನೆಗೆಯುವ ಮುಂಚೆ ಹಿಂಭಾಗವನ್ನು ಎಡಕ್ಕೆ ಬಲಕ್ಕೆ ತೂಗುತ್ತಾನೆ. ಈ ಹೊತ್ತಿನಲ್ಲಿ ಹೆಸರು ಹಿಡಿದು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಇದರಲ್ಲಿ ಕ್ರೌರ್ಯ ಇಲ್ಲ, ಅವನು ಹುಟ್ಟಿರುವುದೇ ಹಾಗೆ. ಸಂತಾನಹರಣ ಚಿಕಿತ್ಸೆಯಿಂದ ಅಲೆದಾಟ ಕಡಿಮೆಯಾಗುತ್ತದೆ, ಮರಿಗಳು ಹುಟ್ಟುವುದಿಲ್ಲ. ಬೇಟೆ ನಿಲ್ಲುವುದಿಲ್ಲ. ಬೈದರೂ ಹೊಡೆದರೂ ನಿಲ್ಲುವುದಿಲ್ಲ. ಪೆಟ್ಟು ತಿಂದ ಬೆಕ್ಕು ಹಕ್ಕಿಗೆ ಹೆದರುವುದಿಲ್ಲ, ನಿಮಗೆ ಹೆದರುತ್ತದೆ.

ಈಗ ಲೆಕ್ಕದ ವಿಷಯ. ತಿಂಗಳಿಗೆ ಒಂದೋ ಎರಡೋ ಅಂತ ಬರೆದಿದ್ದೀರಿ. ಅದು ಮನೆಗೆ ತಂದದ್ದರ ಲೆಕ್ಕ. 2012ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ 55 ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನಡೆಸಿದ ಅಧ್ಯಯನದ ಫಲಿತಾಂಶ ಹೊರಬಂತು. ಸುಮಾರು 44% ಬೆಕ್ಕುಗಳು ಬೇಟೆಯಾಡಿದವು. ಹಿಡಿದದ್ದರಲ್ಲಿ ಮನೆಗೆ ತಂದದ್ದು 23% ಮಾತ್ರ. ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟು ಹೋದವು, ಉಳಿದದ್ದನ್ನು ಅಲ್ಲೇ ತಿಂದವು. ಅಲ್ಲಿ ಹೆಚ್ಚು ಸಿಕ್ಕಿಬಿದ್ದದ್ದು ಹಕ್ಕಿಗಳೂ ಅಲ್ಲ, ಪುಟ್ಟ ಹಲ್ಲಿಗಳು. ನಿಮ್ಮ ಚಿನ್ನುವಿನ ಲೆಕ್ಕವೂ ಹೀಗೇ ಇದ್ದರೆ, ಹೊಸ್ತಿಲಿಗೆ ಬಂದ ಒಂದಕ್ಕೆ ಹೊರಗೆ ಇನ್ನೂ ಮೂರು ಅಂತ ಇಟ್ಟುಕೊಳ್ಳಿ. ಓತಿಕ್ಯಾತ, ಕಪ್ಪೆ, ಚಿಟ್ಟೆ, ಅಳಿಲಿನ ಮರಿ, ಇವನ್ನು ಯಾರೂ ಎಣಿಸುವುದಿಲ್ಲ. ಎಣಿಸದೆ ಇರುವುದರಿಂದಲೇ ಇಲ್ಲ ಅಂತ ಅನ್ನಿಸುತ್ತದೆ.

‘ಒಂದೇ ಬೆಕ್ಕು’ ಎಂಬ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕಥೆಯನ್ನು ನೀವೂ ಕೇಳಿರಬಹುದು. 1894ರ ಸುಮಾರಿಗೆ ಅಲ್ಲಿನ ದೀಪಸ್ತಂಭ ಕಾಯುವವರ ಒಂದು ಬೆಕ್ಕು ಹಾರಲಾರದ ಪುಟ್ಟ ಹಕ್ಕಿಯ ಇಡೀ ಸಂತತಿಯನ್ನೇ ಮುಗಿಸಿತು ಅಂತ ಹೇಳುತ್ತಾರೆ. ಹಕ್ಕಿ ಅಳಿದದ್ದು ನಿಜ. ಒಂದೇ ಬೆಕ್ಕು ಮುಗಿಸಿತು ಎಂಬುದು ಬೆಳೆಸಿದ ಕಥೆ. ದ್ವೀಪಕ್ಕೆ ಬಂದ ಬೆಕ್ಕುಗಳು ಮರಿ ಹಾಕಿ ಹೆಚ್ಚಾಗಿದ್ದವು, ಎಲ್ಲ ಸೇರಿ ಮುಗಿಸಿದವು. ಊರಿನಲ್ಲೂ ಹೀಗೇ. ಆರು ದೇಶಗಳಲ್ಲಿ 925 ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದಾಗ, ಹೆಚ್ಚಿನವು ಮನೆಯಿಂದ ನೂರು ಮೀಟರ್ ಆಚೆ ಹೋಗಿರಲಿಲ್ಲ. ಅಯ್ಯೋ ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಆ ನೂರು ಮೀಟರಿನೊಳಗೆ ಎಷ್ಟು ಮನೆ, ಎಷ್ಟು ಬೆಕ್ಕು ಅಂತ ಯೋಚಿಸಿ. ಕಾಡಿನಲ್ಲಿ ಆ ಗಾತ್ರದ ಬೇಟೆಪ್ರಾಣಿಗೆ ದೊಡ್ಡ ಜಾಗ ಬೇಕು. ಬೇಟೆ ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ. ನಮ್ಮ ಬೆಕ್ಕಿಗೆ ಊಟ ನಾವು ಹಾಕುತ್ತೇವೆ, ಹಾಗಾಗಿ ಹಕ್ಕಿ ಎಷ್ಟೇ ಕಡಿಮೆಯಾದರೂ ಬೆಕ್ಕು ಕಡಿಮೆಯಾಗುವುದಿಲ್ಲ. ಅಷ್ಟು ಸಣ್ಣ ಜಾಗದ ಮೇಲೆ ಅಷ್ಟೂ ಭಾರ ಬೀಳುತ್ತದೆ.

ಹಕ್ಕಿಗಳು ಕಡಿಮೆಯಾಗಲು ಬೆಕ್ಕೇ ಮುಖ್ಯ ಕಾರಣವೇ? ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಬ್ರಿಟನ್ನಿನಲ್ಲಿ ಬೆಕ್ಕುಗಳು ಬೇಸಿಗೆ ತಿಂಗಳುಗಳಲ್ಲಿ ಸುಮಾರು 2.7 ಕೋಟಿ ಹಕ್ಕಿಗಳನ್ನು ಹಿಡಿಯುತ್ತವೆ ಎಂಬ ಅಂದಾಜು ಇದೆ. ಆದರೂ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ, ದೇಶದಲ್ಲಿ ಹಕ್ಕಿಗಳ ಸಂಖ್ಯೆ ಇಳಿಯಲು ಬೆಕ್ಕೇ ಕಾರಣ ಎಂಬುದಕ್ಕೆ ಸ್ಪಷ್ಟ ಪುರಾವೆ ಇಲ್ಲ ಅಂತಲೇ ಹೇಳುತ್ತದೆ. ಬೆಕ್ಕು ಹಿಡಿದ ಕೆಲವು ಹಕ್ಕಿಗಳು ಹಸಿವಿನಿಂದಲೋ ಕಾಯಿಲೆಯಿಂದಲೋ ಹೇಗೂ ಸಾಯುತ್ತಿದ್ದವು. ಮರ ಕಡಿಯುವುದು, ಗಾಜಿನ ಕಟ್ಟಡ, ಕೀಟನಾಶಕ ಇವೆಲ್ಲ ಇನ್ನೊಂದು ಕಡೆ ಇವೆ. ಅತ್ತ ದ್ವೀಪಗಳಲ್ಲಿ ಬೆಕ್ಕಿನಿಂದ ಹಕ್ಕಿ ಜಾತಿಗಳೇ ಅಳಿದಿರುವುದಕ್ಕೆ ಗಟ್ಟಿ ಪುರಾವೆ ಇದೆ. ಊರಿನ ಸ್ಥಿತಿ ಇವೆರಡರ ನಡುವೆ. ಒಂದು ಬೀದಿಯಲ್ಲಿ ಒಂದು ಜಾತಿಯ ನಾಲ್ಕು ಜೋಡಿ ಮಾತ್ರ ಉಳಿದಿದ್ದರೆ, ಆ ಬೀದಿಯ ಮಟ್ಟಿಗೆ ಒಂದು ಬೆಕ್ಕು ದೊಡ್ಡ ವಿಷಯವೇ. ಜರ್ಮನಿಯ ವಾಲ್‌ಡಾರ್ಫ್ ಊರಿನಲ್ಲಿ 2022ರಲ್ಲಿ ಹೀಗಾಯಿತು. ನೆತ್ತಿಯಲ್ಲಿ ಜುಟ್ಟಿರುವ, ನೆಲದಲ್ಲೇ ಗೂಡು ಕಟ್ಟುವ ಪುಟ್ಟ ಬಾನಾಡಿಯ ಕೆಲವೇ ಜೋಡಿಗಳು ಉಳಿದಿದ್ದವು. ಮರಿ ಮಾಡುವ ಕಾಲ ಮುಗಿಯುವವರೆಗೆ ಬೆಕ್ಕುಗಳನ್ನು ಹೊರಗೆ ಬಿಡಬಾರದು ಅಂತ ಆಡಳಿತ ಆದೇಶವನ್ನೇ ಹೊರಡಿಸಿತು.

ಕೊಲ್ಲುವುದಷ್ಟೇ ಹಾನಿ ಅಂತಲೂ ತಿಳಿಯಬೇಡಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸಂಶೋಧಕರು ಗೂಡುಗಳ ಹತ್ತಿರ ಸತ್ತ ಬೆಕ್ಕಿನ ಚರ್ಮ ತುಂಬಿದ ಒಂದು ಗೊಂಬೆಯನ್ನು ಸ್ವಲ್ಪ ಹೊತ್ತು ಇಟ್ಟು ತೆಗೆದರು. 2013ರಲ್ಲಿ ಬಂದ ವರದಿ ಅದು. ಬೆಕ್ಕನ್ನು ತೆಗೆದ ಮೇಲೂ ಒಂದೂವರೆ ಗಂಟೆ ತಾಯ್ತಂದೆ ಹಕ್ಕಿಗಳು ಮರಿಗಳಿಗೆ ಗುಟುಕು ಕೊಡುವುದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು. ಅವುಗಳ ಗಾಬರಿಯ ಕೂಗು ಕೇಳಿ ಕಾಗೆ ಜಾತಿಯ ಹಕ್ಕಿಗಳು ಗೂಡು ಎಲ್ಲಿದೆ ಅಂತ ಪತ್ತೆ ಮಾಡಿದವು. ಆ ಬೆಕ್ಕಿನಲ್ಲಿ ಜೀವ ಇರಲಿಲ್ಲ, ಅದು ಯಾವ ಹಕ್ಕಿಯನ್ನೂ ಮುಟ್ಟಲಿಲ್ಲ. ನಿಮ್ಮ ಬಳ್ಳಿಯ ಕೆಳಗೆ ಚಿನ್ನು ಬಿಸಿಲು ಕಾಯಿಸುತ್ತಾ ಸುಮ್ನೆ ಮಲಗಿದ್ದರೂ ಪಿಕಳಾರಕ್ಕೆ ಅದು ಸುಮ್ನೆ ಮಲಗಿದ ಹಾಗಲ್ಲ.

ಮಹಡಿ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲಾದರೂ ಬಿಟ್ಟು ಬರುವ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಅಪರಿಚಿತ ಜಾಗದಲ್ಲಿ ಬಿಟ್ಟ ಸಾಕುಬೆಕ್ಕು ಹಸಿವಿನಿಂದ, ಜಗಳದ ಗಾಯಗಳಿಂದ, ಗಾಡಿಗೆ ಸಿಕ್ಕಿ ನರಳುತ್ತದೆ. ಬದುಕಿ ಉಳಿದರೆ ಇನ್ನೂ ಹೆಚ್ಚು ಬೇಟೆಯಾಡುತ್ತದೆ. ಯಾಕೆಂದರೆ ಆಗ ಅದಕ್ಕೆ ಹಸಿವೂ ಸೇರುತ್ತದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಅದರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು, ಯಾರಿಗೂ ಸೇರದ ಬೆಕ್ಕುಗಳ ಪಾಲು. ಕಟ್ಟಿಹಾಕುವುದೂ ಬೇಡ. ಹಗ್ಗದಲ್ಲಿ ಕಟ್ಟಿದ ಬೆಕ್ಕು ನಾಯಿ ಬಂದರೆ ಓಡಲಾರದು, ಗೋಡೆ ಹಾರಲು ಹೋಗಿ ನೇಣು ಬಿಗಿದುಕೊಳ್ಳುತ್ತದೆ.

ಅತ್ತೆಯವರ ಇಲಿ ವಾದದಲ್ಲಿ ಅರ್ಧ ನಿಜ ಇದೆ. ಚಿಕ್ಕ ಇಲಿಗಳನ್ನು ಬೆಕ್ಕು ಹಿಡಿಯುತ್ತದೆ. ಬೆಳೆದ ಹೆಗ್ಗಣದ ತಂಟೆಗೆ ಹೋಗುವುದು ಅಪರೂಪ, ಅದು ತಿರುಗಿ ಕಚ್ಚುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೂರಕ್ಕೂ ಹೆಚ್ಚು ಹೆಗ್ಗಣಗಳಿದ್ದ ಒಂದು ಕಸ ಸಂಸ್ಕರಣಾ ಘಟಕದಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದರು. ಬೆಕ್ಕುಗಳು ಕೊಂದದ್ದು 2 ಹೆಗ್ಗಣ. ಆದರೆ ಬೆಕ್ಕು ಸುಳಿದಾಡುವ ದಿನ ಹೆಗ್ಗಣಗಳು ಹೊರಗೆ ಕಾಣಿಸುವುದು ಕಡಿಮೆಯಾಗಿತ್ತು. ಕಾಣದಿದ್ದರೆ ಇಲ್ಲ ಅಂತ ನಮಗನ್ನಿಸುತ್ತದೆ. ಇಲಿ ಕಾಟಕ್ಕೆ ಕಸದ ಡಬ್ಬಿಗೆ ಮುಚ್ಚಳ, ಬಿಲಕ್ಕೆ ಸಿಮೆಂಟು, ಚರಂಡಿಗೆ ಜಾಲರಿ. ಚಿನ್ನು ಮನೆಯೊಳಗೇ ಇದ್ದರೂ ಒಳಗೆ ಬರುವ ಚಿಕ್ಕ ಇಲಿಯನ್ನು ಹಿಡಿಯಬಲ್ಲ ಅಂತ ಅತ್ತೆಯವರಿಗೆ ಧೈರ್ಯ ಹೇಳಿ.

ಹಾಗಾದರೆ ದಾರಿ ಯಾವುದು? ಇಷ್ಟು ವರ್ಷ ನೋಡಿದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಕ್ಕಿಗೂ ಚಿನ್ನುಗೂ ಒಳ್ಳೆಯದು ಅವನು ಮನೆಯೊಳಗೆ ಇರುವುದೇ. ಗಾಡಿಗೆ ಸಿಕ್ಕ ಬೆಕ್ಕು, ನಾಯಿ ಕಚ್ಚಿದ ಬೆಕ್ಕು, ಇಲಿ ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕು, ಜಗಳದ ಕಚ್ಚುಗಾಯದಿಂದ ಲ್ಯುಕೀಮಿಯಾ ವೈರಸ್ ಅಂಟಿಸಿಕೊಂಡ ಬೆಕ್ಕು, ನನ್ನ ಬಳಿ ಬರುವ ಇಂಥವೆಲ್ಲ ಹೊರಗೆ ತಿರುಗುವ ಬೆಕ್ಕುಗಳೇ. ಒಳಗೆ ಕೂಡಿಹಾಕುವುದು ಹಿಂಸೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಖಾಲಿ ಕೋಣೆ, ಊಟದ ತಟ್ಟೆ, ಮುಚ್ಚಿದ ಬಾಗಿಲು ಇಷ್ಟೇ ಆದರೆ ಹೌದು, ಹಿಂಸೆಯೇ. ಬೆಕ್ಕು ದಪ್ಪಗಾಗುತ್ತದೆ, ಬೇಸರಕ್ಕೆ ಮೈ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಳ್ಳುತ್ತದೆ. ಗಂಡು ಬೆಕ್ಕಿನಲ್ಲಿ ಇನ್ನೊಂದು ಅಪಾಯ ಇದೆ. ಒತ್ತಡ, ಕಡಿಮೆ ನೀರು, ಕಡಿಮೆ ಓಡಾಟ ಸೇರಿದರೆ ಮೂತ್ರ ಕಟ್ಟಿಕೊಳ್ಳಬಹುದು. ಲಿಟರ್ ಟ್ರೇಯಲ್ಲಿ (ಮಲಮೂತ್ರಕ್ಕೆ ಇಡುವ ಮರಳಿನ ತಟ್ಟೆ) ಪದೇ ಪದೇ ಕೂತು ತಿಣುಕುತ್ತಿದ್ದಾನೆ, ಹನಿಯೂ ಬರುತ್ತಿಲ್ಲ ಅಂತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಒಂದೆರಡು ದಿನದಲ್ಲಿ ಪ್ರಾಣ ತೆಗೆಯುವ ತೊಂದರೆ.

ಒಳಗೆ ಅವನಿಗೆ ಏರಲು ಎತ್ತರದ ಹಲಗೆ ಬೇಕು, ಪರಚಲು ಒರಟು ಕಂಬ ಬೇಕು, ಬಚ್ಚಿಟ್ಟುಕೊಳ್ಳಲು ಡಬ್ಬಿ ಬೇಕು, ಹೊರಗೆ ನೋಡಲು ಜಾಲರಿ ಹಾಕಿದ ಕಿಟಕಿ ಬೇಕು. ಒಂದೇ ಬೆಕ್ಕಾದರೂ ಎರಡು ಟ್ರೇ ಇಡಿ. ಎಲ್ಲಕ್ಕಿಂತ ಮುಖ್ಯ, ದಿನವೂ ಬೇಟೆಯ ಆಟ ಬೇಕು. ಕೋಲಿಗೆ ದಾರ, ದಾರದ ತುದಿಗೆ ಬಟ್ಟೆಯ ಚಿಂದಿ ಕಟ್ಟಿ. ಅವನ ಮುಖದ ಮುಂದೆ ಆಡಿಸಬೇಡಿ, ಬೇಟೆ ಎಂದೂ ಎದುರಿಗೆ ಬರುವುದಿಲ್ಲ. ಸೋಫಾದ ಹಿಂದೆ ಎಳೆದುಕೊಂಡು ಹೋಗಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕೊನೆಗೆ ಅವನು ಹಿಡಿಯಲೇಬೇಕು. ಹಿಡಿದ ಕೂಡಲೇ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಇದು ಅವನ ದಿನಚರಿಯ ಕ್ರಮ. ಆಟ ಮುಗಿದ ಮೇಲೆ ದಾರವನ್ನು ಮಾತ್ರ ಎತ್ತಿಡಿ. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಮಗಳಿಗೆ ಈ ಆಟದ ಕೆಲಸ ಒಪ್ಪಿಸಿ. ಬೆಕ್ಕಿನ ಜೊತೆ ಮುನಿಸು ಕರಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಜಾಗ ಇದ್ದರೆ ಕಿಟಕಿಗೆ ಅಂಟಿಸಿದ ಹಾಗೆ ಜಾಲರಿಯ ದೊಡ್ಡ ಗೂಡು ಮಾಡಿಸಬಹುದು. ಕ್ಯಾಟಿಯೊ ಅಂತಾರೆ. ಬಿಸಿಲು, ಗಾಳಿ, ಹೊರಗಿನ ವಾಸನೆ ಎಲ್ಲ ಸಿಗುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಪೂರ್ತಿ ಒಳಗಿಡುವುದು ಆಗುವುದೇ ಇಲ್ಲ ಅಂದರೆ, ಹಾನಿ ಕಡಿಮೆ ಮಾಡುವ ದಾರಿಗಳಿವೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳ ಮೇಲೆ ಇವನ್ನು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಧಾನ್ಯವಿಲ್ಲದ, ಮಾಂಸದ ಪ್ರೋಟೀನು ಹೆಚ್ಚಿರುವ ಊಟ ಕೊಟ್ಟಾಗ ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷದ ಆಟದಿಂದ 25% ಇಳಿಯಿತು. ಕೊರಳಪಟ್ಟಿಯ ಮೇಲೆ ಹಾಕುವ ಗಾಢ ಬಣ್ಣದ ಬಟ್ಟೆಯ ಸುರುಳಿಯಿಂದ ಹಕ್ಕಿಗಳ ಬೇಟೆ 42% ಇಳಿಯಿತು. ಹಕ್ಕಿಯ ಕಣ್ಣಿಗೆ ಬಣ್ಣ ದೂರದಿಂದಲೇ ಬೀಳುತ್ತದೆ. ಇಲಿಗಳ ಬೇಟೆಯಲ್ಲಿ ಮಾತ್ರ ವ್ಯತ್ಯಾಸ ಆಗಲಿಲ್ಲ. ಗೆಜ್ಜೆಯಿಂದ ಹೇಳಿಕೊಳ್ಳುವಂಥ ಫಲ ಅವರಿಗೂ ಸಿಗಲಿಲ್ಲ. ಕೆಲವು ಬೆಕ್ಕುಗಳು ಗೆಜ್ಜೆ ಅಲ್ಲಾಡದ ಹಾಗೆ ನಡೆಯುವುದನ್ನು ಕಲಿತುಬಿಡುತ್ತವೆ. ಗೂಡು ಬಿಟ್ಟು ಇಳಿದ ಮರಿಗಂತೂ ಸದ್ದು ಕೇಳಿದರೂ ಹಾರಲು ಬರುವುದಿಲ್ಲ. ಯಾವ ಕೊರಳಪಟ್ಟಿ ಹಾಕಿದರೂ ಎಲ್ಲಾದರೂ ಸಿಕ್ಕಿಕೊಂಡಾಗ ತಾನಾಗಿ ಬಿಚ್ಚಿಕೊಳ್ಳುವ ಜಾತಿಯದ್ದೇ ಇರಲಿ. ಊಟ ಬದಲಿಸುವುದಾದರೆ ವಾರ, ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಹೋಗಿ, ಕಿಡ್ನಿ ತೊಂದರೆ ಇದ್ದರೆ ನಿಮ್ಮ ವೈದ್ಯರನ್ನು ಕೇಳದೆ ಬದಲಿಸಬೇಡಿ.

ಇವೆಲ್ಲ ಕಡಿಮೆ ಮಾಡುತ್ತವೆ, ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಬಾಗಿಲು ಮಾತ್ರ. ಹಾಗಾಗಿ ಬಳ್ಳಿಯಲ್ಲಿ ಮೊಟ್ಟೆ ಇರುವ ಈ ಹೊತ್ತಿಗೆ ನನ್ನ ಸಲಹೆ ಒಂದೇ: ಇವತ್ತಿನಿಂದಲೇ ಅವನನ್ನು ಒಳಗಿಡಿ.

ಮೊದಲ ವಾರ ಕಷ್ಟ. ಬಾಗಿಲ ಹತ್ತಿರ ಕೂತು ಕೂಗುತ್ತಾನೆ, ಅದರಲ್ಲೂ ಬೆಳಗಿನ ಜಾವ. ಪಾಪ ಅಂತ ಒಂದು ಸಲ ತೆರೆದರೂ ‘ಇಷ್ಟು ಕೂಗಿದರೆ ತೆರೆಯುತ್ತದೆ’ ಅಂತ ಕಲಿತುಬಿಡುತ್ತಾನೆ. ಅವನು ಏಳುವ ಮುಂಚೆಯೇ ನೀವು ಎದ್ದು ಹತ್ತು ನಿಮಿಷ ಆಡಿಸಿ, ಊಟ ಹಾಕಿ. ರಾತ್ರಿ ಮಲಗುವ ಮುಂಚೆಯೂ ಹಾಗೇ ಮಾಡಿ. ಹೆಚ್ಚಿನ ಬೆಕ್ಕುಗಳು ಎರಡು ಮೂರು ವಾರದಲ್ಲಿ ಹೊಂದಿಕೊಳ್ಳುವುದನ್ನು ನೋಡಿದ್ದೇನೆ. ಊಟ ಬಿಟ್ಟರೆ, ಮೂಲೆ ಹಿಡಿದು ಕೂತರೆ ವೈದ್ಯರಿಗೆ ತೋರಿಸಿ.

ಪಿಕಳಾರದ ಲೆಕ್ಕ ಹೀಗಿದೆ. ಕಾವು ಸುಮಾರು ಎರಡು ವಾರ. ಮೊಟ್ಟೆಯೊಡೆದ ಮರಿಗಳು ಗೂಡಿನಲ್ಲಿ ಇರುವುದು ಮತ್ತೆ ಸುಮಾರು ಎರಡು ವಾರ. ಅಲ್ಲಿಂದ ಇಳಿದ ಮೇಲೆ ಕೆಲವು ದಿನ ಗಿಡದ ಬುಡದಲ್ಲಿ, ಕುಂಡದ ಹಿಂದೆ ಕುಪ್ಪಳಿಸುತ್ತಾ ಇರುತ್ತವೆ. ಬಾಲ ಮೋಟಾಗಿರುತ್ತದೆ, ಹಾರಾಟ ಅರೆಬರೆ. ಹೋದ ತಿಂಗಳು ಚಿನ್ನುವಿಗೆ ಸಿಕ್ಕಿದ್ದು ಇಂಥದ್ದೇ ಮರಿ. ಅವು ಬಿದ್ದ ಮರಿಗಳಲ್ಲ, ತಾಯ್ತಂದೆ ಅಲ್ಲೇ ಹತ್ತಿರ ಇದ್ದು ಗುಟುಕು ಕೊಡುತ್ತಿರುತ್ತವೆ. ಒಳಗೆ ತರಬೇಡಿ. ದಾರಿಯ ಮಧ್ಯೆ ಕೂತಿದ್ದರೆ ಕೈಯಲ್ಲಿ ಎತ್ತಿ ಹತ್ತಿರದ ಪೊದೆಯೊಳಗೆ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತಾರಲ್ಲ, ಅದು ಸುಳ್ಳು. ಆ ಕೆಲವು ದಿನಗಳೇ ಎಲ್ಲಕ್ಕಿಂತ ಅಪಾಯದವು. ಗೂಡು ಖಾಲಿಯಾಯಿತು ಅಂತ ಅಂದೇ ಬಾಗಿಲು ತೆರೆಯಬೇಡಿ.

ಮಹಡಿ ಮನೆಯವರಿಗೂ ಇದನ್ನು ಹೇಳಿ. ಅವರ ಕಿಟಕಿಯಿಂದ ಬಳ್ಳಿ ಚೆನ್ನಾಗಿ ಕಾಣುತ್ತದೆ ಅಂತ ಕಾಣುತ್ತದೆ. ಬೀದಿಯ ಬೇರೆ ಬೆಕ್ಕುಗಳು ಬಂದರೆ ಕೂಗಿ ಓಡಿಸುವ ಕೆಲಸ ಅವರದ್ದಾಗಲಿ. ಬಳ್ಳಿಯ ಬುಡದಲ್ಲಿ ಏರಲು ಆಸರೆಯಾಗುವ ಕುರ್ಚಿ, ಡಬ್ಬಿ, ಏಣಿ ಏನಿದ್ದರೂ ತೆಗೆದುಬಿಡಿ. ಗೂಡಿನ ಹತ್ತಿರ ಹೋಗಿ ಇಣುಕಬೇಡಿ, ಮಗಳಿಗೆ ಆಸೆಯಾದರೆ ಒಳಗಿನ ಕಿಟಕಿಯಿಂದ ನೋಡಲಿ. ಅದೇ ಕಿಟಕಿಯಲ್ಲಿ ಚಿನ್ನುವೂ ಬಂದು ಕೂರುತ್ತಾನೆ, ದವಡೆ ಕಟಕಟ ಅನ್ನಿಸುತ್ತಾನೆ. ಹಕ್ಕಿಗೆ ಅವನ ಮುಖ ಕಾಣದ ಹಾಗೆ ಕೆಳಗಿನ ಅರ್ಧ ಗಾಜಿಗೆ ಒಂದು ಕಾಗದ ಅಂಟಿಸಿ.